ಹೆಂಡತಿಯ ಮನೆಯ ಅನ್ನ

ಉಮ್‌ಸಿಯಾರ್ ಜಲಪಾತದ ಪಕ್ಕದ ಕಾಡಿನೊಳಗಿಂದ ಏರಿಹೋಗುವ ನಾನೂರು ಚಿಲ್ಲರೆ ಮೆಟ್ಟಿಲುಗಳನ್ನು ಪ್ರವಾಸಿಗರಿಗೆಂದು ಯಾರೂ ಕಟ್ಟಿಸಿದ್ದಲ್ಲ. ಜಲಪಾತದ ನೆತ್ತಿಯ ಮೇಲಿರುವ ಲುಂಪಾಮ್ ಊರಿನ ಲಖೋನ್, ಬುಡದಲ್ಲಿರುವ ಪಾಮ್‌ಸಿಯಾರಿನ ಸಿಲ್ಬಾಳನ್ನು ಮದುವೆಯಾದ ಮೇಲೆ, ಮೂವತ್ತೊಂದು ವರ್ಷ ದಿನಾ ಸಂಜೆ ಹೆಂಡತಿಯ ಮನೆಗೆ ಇಳಿದು, ದಿನಾ ನಸುಕಿನಲ್ಲಿ ತಾಯಿಯ ಮನೆಗೆ ಏರಿದನು. ಹಾಗೆ ಇಳಿದು ಏರುವಾಗ ಕಾಲು ಜಾರಿದ ಜಾಗಕ್ಕೆಲ್ಲ ಒಂದೊಂದು ಕಲ್ಲು ತಂದು ಹಾಕಿದನು. ಮಳೆಗಾಲಕ್ಕೆ ಕೆಲವು ಕಲ್ಲು ಕೊಚ್ಚಿಹೋದವು. ಚಳಿಗಾಲದಲ್ಲಿ ಅವಕ್ಕಿಂತ ದೊಡ್ಡವನ್ನು ಹೊತ್ತು ತಂದನು. ದಾರಿಯಾದದ್ದು ಹೀಗೆ.

ನಮ್ಮ ಜೈಂತಿಯಾ ಬೆಟ್ಟಗಳ ಹಳೆಯ ಕುಲಗಳಲ್ಲಿ ಗಂಡಸು ಹಗಲೆಲ್ಲ ತಾಯಿಯ ಮನೆಯವನು, ಕತ್ತಲಾದ ಮೇಲೆ ಮಾತ್ರ ಹೆಂಡತಿಯವನು. ದುಡಿಯುವುದು ತಾಯಿಯ ತೋಟದಲ್ಲಿ, ಉಣ್ಣುವುದು ತಾಯಿಯ ಒಲೆಯ ಮುಂದೆ. ಹೆಂಡತಿಯ ಮನೆಯಲ್ಲಿ ಒಂದು ತುತ್ತು ಅನ್ನವನ್ನೂ ಅವನು ಮುಟ್ಟುವಂತಿಲ್ಲ. ಈಗಿನ ಹುಡುಗರು ಇದನ್ನು ಕೇಳಿ ನಗುತ್ತಾರೆ. ನಕ್ಕು, ಅತ್ತೆಯ ಕೈಯಿಂದ ಹಂದಿಯ ಸಾರನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ. ಆದರೆ ಲಖೋನನ ಕುಲದಲ್ಲಿ ಆ ಕಟ್ಟು ಸಡಿಲವಾಗಿರಲಿಲ್ಲ. ಅವನು ಮೇಲೆ ಉಂಡು, ಕೈ ತೊಳೆದು, ಬಿದಿರಿನ ಪಂಜು ಹಿಡಿದು ಇಳಿದು ಬರುತ್ತಿದ್ದನು. ಆ ಪಂಜು ಮರಗಳ ನಡುವೆ ಕಾಣಿಸಿದಾಗ ಸಿಲ್ಬಾ ಒಲೆಯನ್ನು ಆರಿಸುತ್ತಿದ್ದಳು. ಉಂಡು ಬಂದವನ ಮುಂದೆ ಉರಿಯುವ ಒಲೆ ಇರಬಾರದೆಂದು ಅವಳ ತಾಯಿ ಹೇಳಿಕೊಟ್ಟಿದ್ದಳು.

ಆಮೇಲೆ ಡಾಂಬರು ರಸ್ತೆ ಬಂತು, ರಸ್ತೆಯ ಹಿಂದೆ ಗುವಾಹಟಿಯ ಕಾರುಗಳು ಬಂದವು. ಊರಿನ ಸಮಿತಿಯವರು ಮೆಟ್ಟಿಲುಗಳಿಗೆ ಕಬ್ಬಿಣದ ಕಂಬಿ ಹಾಕಿಸಿ, ಅಲ್ಲಲ್ಲಿ ಕೂರಲು ಬೆಂಚು ಇಡಿಸಿ, ಬುಡದಲ್ಲಿ ಒಂದು ಗೇಟು ನಿಲ್ಲಿಸಿ, ಅದರ ಮೇಲೆ 'ಪ್ರೇಮಿಗಳ ಹಾದಿ' ಎಂದು ಮೂರು ಭಾಷೆಗಳಲ್ಲಿ ಬರೆಸಿದರು. ಸಿಲ್ಬಾ ಗೇಟಿನ ಬಳಿ ಚಹಾ, ಬೇಯಿಸಿದ ಮೊಟ್ಟೆ ಮತ್ತು ಹೆಚ್ಚಿದ ಅನಾನಸಿನ ಅಂಗಡಿ ಇಟ್ಟಳು.

ಕಳೆದ ಚಳಿಗಾಲದಲ್ಲಿ ಲಖೋನ್ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟನು. ಹೋದದ್ದು ಮೇಲೆ, ತಾಯಿಯ ಮನೆಯಲ್ಲಿ. ಚಿತೆ ಇಟ್ಟವರೂ ಅವನ ಕುಲದವರೇ. ಬೂದಿ ಆರಿದ ಮೇಲೆ ಸಿಲ್ಬಾ ಎಲ್ಲರೆದುರು ಎದ್ದು ನಿಂತು ಗಂಡನ ಮೂಳೆಗಳನ್ನು ಕೇಳಿದಳು. ಮೂಳೆಗಳು ಕಡೆಗೆ ಸೇರಬೇಕಾದದ್ದು ಅವನ ತಾಯಿಯ ಕುಲದ ಕಲ್ಲಿನ ಮೂಳೆಗೂಡಿಗೆ; ಆದರೆ ಅದಕ್ಕೆ ಮೊದಲು ಅವನ್ನು ಇಟ್ಟುಕೊಳ್ಳುವ ಹಕ್ಕು ವಿಧವೆಗೆ ಉಂಟು. ಇನ್ನೊಬ್ಬ ಗಂಡಸನ್ನು ಕೂಡಬಾರದು ಎಂಬುದೊಂದೇ ನಿಬಂಧನೆ. ಮೂಳೆಯ ಮಡಕೆ ಮನೆಯಲ್ಲಿರುವಷ್ಟು ಕಾಲ ಗಂಡ ಮನೆಯಲ್ಲಿಯೇ ಇದ್ದಾನೆಂದು ನಮ್ಮವರ ನಂಬಿಕೆ. ಬದುಕಿದ್ದಾಗ ಆ ಮನೆಯೊಳಗೆ ಒಮ್ಮೆಯೂ ಬಿಸಿಲು ಕಾಣದವನು ಸತ್ತ ಮೇಲೆ ಒಂದು ವರ್ಷ ಹಗಲಿರುಳು ಅಲ್ಲಿಯೇ ಇದ್ದನು. ಸಿಲ್ಬಾ ಅಂಗಡಿಯಲ್ಲಿ ಗಿರಾಕಿಗಳನ್ನು ಕೂರಿಸಿ, ನಡುನಡುವೆ ಒಳಗೆ ಹೋಗಿ ನೋಡಿಕೊಂಡು ಬರುತ್ತಿದ್ದಳು. ಅವಳು ಅಷ್ಟು ನೆಮ್ಮದಿಯಿಂದ ಇದ್ದದ್ದನ್ನು ನಾವು ಯಾರೂ ಹಿಂದೆ ನೋಡಿರಲಿಲ್ಲ.

ಈ ಚಳಿಗಾಲದ ಆರಂಭದಲ್ಲಿ ಲಖೋನನ ಅಕ್ಕ ಫಿಡಾ ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳುಹಿಸಿದಳು: 'ಮುಂದಿನ ಸಂತೆಯ ದಿನ ಬರುತ್ತೇನೆ. ತಮ್ಮನನ್ನು ಕಟ್ಟಿ ಇಡು.'

ಎಪ್ಪತ್ತೆರಡು ವರ್ಷದ ಫಿಡಾ ಬೆನ್ನಿಗೆ ಬೆತ್ತದ ಬುಟ್ಟಿ ಹಾಕಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು, ಬೆಳಗಿನ ಹತ್ತು ಗಂಟೆಗೆ ಮೆಟ್ಟಿಲಿಳಿದು ಬಂದಳು. ಮೂರು ಕಡೆ ಕೂತು ಕೆಮ್ಮಿದ್ದಳು. ಗೇಟಿನಲ್ಲಿ ಟಿಕೆಟ್ಟಿನ ಹೊಂಬಾ ಸ್ಟೂಲಿನ ಮೇಲೆ ಕುಳಿತಿದ್ದನು.

"ಕೊಂಗ್ ಫಿಡಾ, ಟಿಕೆಟ್?" ಎಂದನು. ನಮ್ಮಲ್ಲಿ ಹಿರಿಯ ಹೆಂಗಸರನ್ನೆಲ್ಲ ಕೊಂಗ್ ಎಂದೇ ಕರೆಯುವುದು.

"ನನ್ನ ತಮ್ಮ ಹೊತ್ತು ಹಾಕಿದ ಕಲ್ಲಿನ ಮೇಲೆ ನಡೆಯೋಕೆ ನಿನಗೆ ಟಿಕೆಟ್ ಕೊಡ್ಬೇಕೇನೋ, ಸೋಂಬೇರಿ?"

"ಕಂಬಿ ಹಿಡ್ಕೊಂಡ್ರೋ ಇಲ್ವೋ? ಅದು ಸಮಿತೀದು."

"ಹಿಡ್ಕೊಂಡಿಲ್ಲ. ನಿಮ್ಮ ಕಬ್ಬಿಣ ಹಿಡಿದ್ರೆ ಕೈ ತುಕ್ಕು ನಾರುತ್ತೆ. ಅಲ್ಲಾ, ಮೇಲೆ ಒಂದು ಹುಡುಗಿ ಚಡ್ಡಿ ಹಾಕ್ಕೊಂಡು ಕಲ್ಲಿಗೆ ಒರಗಿ ಫೋಟೋ ತೆಗೆಸ್ಕೋತಿದ್ದಾಳೆ. ಚಳಿ ಆಗಲ್ವಾ ಅವಳಿಗೆ?"

"ಅವಳನ್ನೇ ಕೇಳ್ಬೇಕಿತ್ತು."

"ಕೇಳ್ದೆ. ನನ್ನದೂ ಒಂದು ಫೋಟೋ ತೆಗೆದ್ಲು," ಎಂದು ಫಿಡಾ ಗೇಟನ್ನು ತಳ್ಳಿಕೊಂಡು ಹೊರಬಂದಳು.

ಸಿಲ್ಬಾ ಅಂಗಡಿಯನ್ನು ಮಗಳು ಡಾಲ್ಮಿಗೆ ಒಪ್ಪಿಸಿ, ಗಂಡನ ಅಕ್ಕನನ್ನು ಒಳಗೆ ಕರೆದೊಯ್ದು ಕೂರಿಸಿ, ಎಲೆ ಅಡಿಕೆ ಮಡಿಸಿ ಕೊಟ್ಟಳು. ಇಬ್ಬರೂ ಬಹಳ ಹೊತ್ತು ಅದನ್ನೇ ಅಗಿದರು. ಎರಡು ಊರುಗಳ ನಡುವೆ ಇರುವುದು ನಾನೂರು ಮೆಟ್ಟಿಲಷ್ಟೇ ಆದರೂ, ಮೂವತ್ತೊಂದು ವರ್ಷದಲ್ಲಿ ಇವರಿಬ್ಬರು ಎದುರುಬದುರು ಕುಳಿತದ್ದು ಹತ್ತು ಸಲವೂ ಇರಲಾರದು.

"ಕೊಂಗ್, ಒಂದು ಮಾತು ಕೇಳಲಾ? ಇನ್ನೊಂದಷ್ಟು ದಿನ ಇಲ್ಲೇ ಇರ್ಲಿ ಅವನು," ಎಂದಳು ಸಿಲ್ಬಾ.

"ಎಷ್ಟು ದಿನ?"

"ನಾನಿರೋ ತನಕ."

ಫಿಡಾ ಸುಣ್ಣದ ಡಬ್ಬಿಯ ಮುಚ್ಚಳವನ್ನು ತಿರುವಿದಳು.

"ನಾನು ಯಾರನ್ನೂ ಕಣ್ಣೆತ್ತಿ ನೋಡಿಲ್ಲ. ಊರಿನಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಹಕ್ಕು ನನಗಿದೆ ಅಲ್ವಾ, ಕೊಂಗ್?"

"ಇದೆ. ಇಲ್ಲ ಅಂದವರ್ಯಾರು? ಕೊಡಲ್ಲ ಅಂದ್ರೆ ನಾನೇನು ಪೊಲೀಸರನ್ನ ಕರೀತೀನಾ?" ಫಿಡಾ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು. "ಆದರೆ ಕೇಳು. ನಮ್ಮ ಕುಲದಲ್ಲಿ ಉಳಿದಿರೋ ಹೆಣ್ಣು ನಾನೊಬ್ಬಳೇ. ನನಗೆ ಮಗಳಿಲ್ಲ. ತಂಗಿ ಇದ್ದಳು, ಅವಳೂ ಹೋದಳು. ನಮ್ಮ ಮೂಳೆಗೂಡಿನ ಬಾಗಿಲ ಕಲ್ಲನ್ನ ಸರಿಸೋಕೆ ಕುಲದ ಹೆಣ್ಣೇ ಬೇಕು. ಈ ಕೆಮ್ಮು ನನ್ನನ್ನ ಇನ್ನೊಂದು ಮಳೆಗಾಲ ದಾಟಿಸಲ್ಲ. ನಾನು ಹೋಗೋ ದಿನ ಊರಿನ ಹಿರಿಯರು ನನ್ನನ್ನ ಒಳಗಿಟ್ಟು, ಆ ಕಲ್ಲಿಗೆ ಮಣ್ಣು ಮೆತ್ತಿಬಿಡ್ತಾರೆ. ಆಮೇಲೆ ಅದನ್ನ ತೆಗೆಯೋರಿಲ್ಲ."

ಸಿಲ್ಬಾ ಬಾಗಿಲಾಚೆ ಮೆಟ್ಟಿಲುಗಳ ಕಡೆ ನೋಡಿದಳು.

"ಅಮ್ಮ ಒಳಗಿದ್ದಾಳೆ. ಮಾವಂದಿರು ಇದ್ದಾರೆ, ತಂಗಿ ಇದ್ದಾಳೆ. ಅವನೊಬ್ಬನೇ ಹೊರಗೆ ಉಳೀತಾನೆ, ಸಿಲ್ಬಾ."

ಇದಕ್ಕೆ ಎದುರು ಹೇಳುವ ಮಾತು ನಮ್ಮ ಯಾವ ಹೆಂಗಸಿನಲ್ಲಿಯೂ ಇಲ್ಲ. ಗಂಡ ಹೆಂಡಿರು ಎಷ್ಟೇ ಪ್ರೀತಿಯಿಂದ ಬಾಳಿದರೂ, ಕಡೆಗೆ ಅವಳ ಮೂಳೆ ಅವಳ ತಾಯಿಯ ಬಳಿಗೆ, ಅವನ ಮೂಳೆ ಅವನ ತಾಯಿಯ ಬಳಿಗೆ ಹೋಗಬೇಕು. ತಾಯಿಯ ಬಳಿ ಸೇರದವನು ದಾರಿಯಲ್ಲಿಯೇ ಉಳಿದುಬಿಡುತ್ತಾನೆ. ಸಿಲ್ಬಾ ಎದ್ದಳು. ಒಳಗಿನ ಗೋಡೆಯ ಹಲಗೆಯ ಮೇಲೆ ಬಿಳಿಯ ಬಟ್ಟೆ ಸುತ್ತಿದ ಮಡಕೆ ಇತ್ತು. ಅದನ್ನು ಇಳಿಸಿಕೊಳ್ಳಲು ಅವಳು ಎರಡು ಕೈಗಳನ್ನೂ ಎತ್ತಿದಾಗ, ನೆರವಿಗೆಂದು ಫಿಡಾ ಹಿಂದಿನಿಂದ ಬಂದಳು. ಆಗ ಅವಳ ಕಣ್ಣಿಗೆ ಮಡಕೆಯ ಮುಂದಿದ್ದ ತಟ್ಟೆ ಬಿದ್ದಿತು. ಅದರಲ್ಲಿ ಅನ್ನವಿತ್ತು, ಪಕ್ಕದಲ್ಲಿ ಒಣಮೀನಿನ ಚಟ್ನಿ. ಅನ್ನ ಇನ್ನೂ ಬಿಸಿಯಾಗಿತ್ತು.

"ಇದೇನಿದು?"

ಸಿಲ್ಬಾ ಎತ್ತಿದ್ದ ಕೈಗಳನ್ನು ಇಳಿಸಿದಳು.

"ಇದು ಯಾರ ಊಟ? ನಿನ್ನ ಒಲೇದಾ ಇದು?"

"ಹೂಂ, ಕೊಂಗ್."

"ಯಾವಾಗಿನಿಂದ ಇಡ್ತಿದ್ದೀಯ?"

"ಅವನು ಬಂದ ದಿನದಿಂದ. ದಿನಾ ಎರಡು ಹೊತ್ತು."

ಫಿಡಾ ಗೋಡೆಯನ್ನು ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. ಕೆಮ್ಮು ಬಂತು. ಅಂಗಡಿಯಿಂದ ಡಾಲ್ಮಿ ಓಡಿಬಂದು ನೀರು ಕೊಟ್ಟಳು.

"ಏನಾಯ್ತಮ್ಮ?"

"ನಿಮ್ಮಮ್ಮ ನನ್ನ ತಮ್ಮನಿಗೆ ಊಟ ಹಾಕಿದ್ದಾಳೆ," ಎಂದಳು ಫಿಡಾ. "ಒಂದು ವರ್ಷ. ಬದುಕಿದ್ದಾಗ ಹಸಿವು ತಡೆದು ಮರ್ಯಾದೆ ಉಳಿಸ್ಕೊಂಡ. ಸತ್ತ ಮೇಲೆ ಇವಳು ತಿನ್ನಿಸಿಬಿಟ್ಟಳು."

"ಅತ್ತೆ, ಸತ್ತವರು ತಿಂತಾರಾ?"

"ತಿನ್ನಲ್ಲ ಅಂತ ನೀನು ನೋಡಿ ಬಂದಿದ್ದೀಯಾ?"

ತಪ್ಪು ಎಂಥದೆಂದು ಡಾಲ್ಮಿಗೆ ಆಗ ಹೊಳೆಯಿತು. ಹೆಂಡತಿಯ ಒಲೆಯ ಅನ್ನ ಉಂಡವನು ಹೆಂಡತಿಯ ಮನೆಯವನಾದನು. ಬೇರೆ ಕುಲಗಳು ಇದನ್ನು ಯಾವಾಗಲೋ ಮರೆತಿವೆ. ಆದರೆ ಲಖೋನನ ತಾಯಿಯ ಮೂಳೆಗೂಡು ಅನ್ಯ ಒಲೆಯ ಅನ್ನ ಉಂಡವನನ್ನು ಒಳಗೆ ಸೇರಿಸಿಕೊಳ್ಳದು. ಸಿಲ್ಬಾಳ ಕುಲದ ಮೂಳೆಗೂಡಿಗೂ ಅವನು ಸೇರಲಾರನು, ಏಕೆಂದರೆ ಅವನನ್ನು ಹೆತ್ತದ್ದು ಆ ಕುಲವಲ್ಲ.

"ನನಗೆ ಗೊತ್ತಿತ್ತು, ಕೊಂಗ್," ಎಂದಳು ಸಿಲ್ಬಾ. ಅವಳ ದನಿ ಸಣ್ಣದಾಗಿತ್ತು. "ಗೊತ್ತಿದ್ದೂ ಇಟ್ಟೆ. ಮೂವತ್ತೊಂದು ವರ್ಷ ಕಟ್ಕೊಂಡ ಗಂಡನಿಗೆ ಒಂದು ತುತ್ತು ಹಾಕಿರಲಿಲ್ಲ. ಮೊದಲನೇ ದಿನ ಸುಮ್ಮನೆ ತಟ್ಟೆ ಇಟ್ಟು ನೋಡಿದೆ. ಆಮೇಲೆ ಬಿಡೋಕೆ ಆಗಲಿಲ್ಲ."

ಫಿಡಾ ತಟ್ಟೆಯನ್ನೇ ನೋಡುತ್ತಿದ್ದಳು.

"ಒಣಮೀನು ಯಾಕಿಟ್ಟೆ?"

"ಅವನಿಗೆ ಏನು ಇಷ್ಟ ಅಂತ ನನಗೆ ಗೊತ್ತಿರಲಿಲ್ಲ. ಅವನು ಊಟ ಮಾಡಿದ್ದನ್ನ ನಾನು ನೋಡೇ ಇಲ್ಲವಲ್ಲ. ಒಂದಿನ ಹಂದಿ, ಒಂದಿನ ಸೊಪ್ಪು, ಒಂದಿನ ಮೀನು ಇಡ್ತಿದ್ದೆ. ಯಾವುದಾದ್ರೂ ಒಂದು ಹಿಡಿಸುತ್ತೆ ಅಂತ."

"ಒಣಮೀನು ಅವನಿಗೆ ಆಗ್ತಿರಲಿಲ್ಲ. ಚಿಕ್ಕಂದಿನಿಂದ. ವಾಸನೆ ಬಂದ್ರೆ ಎದ್ದು ಅಂಗಳಕ್ಕೆ ಹೋಗ್ತಿದ್ದ."

ಸಿಲ್ಬಾ ತಟ್ಟೆಯನ್ನು ಎತ್ತಿ ಹಿಂದಕ್ಕೆ ಸರಿಸಿದಳು. ಅವಸರದಲ್ಲಿ ನಾಲ್ಕು ಅಗುಳು ಕೆಳಗೆ ಬಿದ್ದವು.

"ಮತ್ತೆ ಏನು ಇಷ್ಟ ಇತ್ತು?"

"ತಳ ಹತ್ತಿದ ಅನ್ನ," ಎಂದಳು ಫಿಡಾ. "ಬೇರೆ ಏನು ಮಾಡಿದ್ರೂ ಕೊನೆಗೆ ಪಾತ್ರೆ ಎಳ್ಕೊಂಡು ತಳ ಕೆರೀತಿದ್ದ. ಅರವತ್ತು ಹತ್ತಿರ ಆದ್ರೂ ಬಿಡಲಿಲ್ಲ. ನಾಚಿಕೆ ಇಲ್ವೇನೋ ಅಂತ ನಾನು ಸೌಟಿನಲ್ಲಿ ಹೊಡೀತಿದ್ದೆ."

"ಅಯ್ಯೋ, ಅದನ್ನ ನಾನು ನಾಯಿಗೆ ಹಾಕ್ತಿದ್ದೆನಲ್ಲ," ಎಂದು ಹೇಳಿದ ಸಿಲ್ಬಾ, ಎರಡು ಅಂಗೈಗಳನ್ನೂ ಬಾಯಿಗೆ ಒತ್ತಿಕೊಂಡಳು.

ಹೊರಗೆ ಯಾರೋ ಚಹಾ ಕೇಳಿದರು. ಡಾಲ್ಮಿ ಕದಲಲಿಲ್ಲ. ಕೇಳಿದವರು ಸ್ವಲ್ಪ ಹೊತ್ತು ನಿಂತು ಹೋದರು.

"ಇದಕ್ಕೊಂದು ದಾರಿ ಇದೆ," ಎಂದಳು ಫಿಡಾ ಕೊನೆಗೆ. "ನಮ್ಮಜ್ಜಿ ಕಾಲದಲ್ಲಿ ಒಬ್ಬ ಹೆಂಡತಿ ಮನೆಯಲ್ಲಿ ಉಂಡು, ಅಲ್ಲೇ ನಿಂತು, ಆಮೇಲೆ ಜಗಳ ಆಡಿ ತಾಯಿ ಮನೆಗೆ ಬಂದನಂತೆ. ಆಗ ಹೆಂಡತಿ ಎಲ್ಲರೆದುರು ಅವನನ್ನ ಬಿಟ್ಟಳು. ಬಿಟ್ಟ ಮೇಲೆ ಅನ್ನದ ಕಟ್ಟು ಹರೀತು. ಗೂಡು ಅವನನ್ನ ಸೇರಿಸ್ಕೊಂತು. ನೀನೂ ಬಿಡಬೇಕು."

"ಯಾರನ್ನ?"

"ಲಖೋನ್‌ನ."

"ಸತ್ತವನಿಗೆ ಯಾರಾದ್ರೂ ಬಿಡುಗಡೆ ಕೊಡ್ತಾರಾ, ಅತ್ತೆ?" ಡಾಲ್ಮಿಯ ಮುಖ ಕೆಂಪಾಗಿತ್ತು. "ಊರೆಲ್ಲ ನಗುತ್ತೆ."

"ನಗೋರು ನಗಲಿ. ಸೀಮೆಗಲ್ಲಿನ ಮೇಲೆ ನಿಂತು ಐದು ಕವಡೆ ಕೊಟ್ಟು ತಗೊಂಡು, ಮೂರು ಸಲ ಹೇಳಬೇಕು. ಸಾಕ್ಷಿ ಕಿವಿಗೆ ಕೇಳಬೇಕು."

"ನಾನು ಅವನಿಗೆ ಒಂದು ದಿನವೂ 'ಹೋಗು' ಅಂದವಳಲ್ಲ," ಎಂದಳು ಸಿಲ್ಬಾ. "ದಿನಾ ನಸುಕಿನಲ್ಲಿ ಅವನೇ ಏಳೋನು. ನಾನು ನಿದ್ದೆ ಬಂದವಳ ಹಾಗೆ ಮಲಗಿರ್ತಿದ್ದೆ. ಎದ್ದರೆ 'ಹೋಗಿ ಬಾ' ಅನ್ನಬೇಕಾಗುತ್ತಲ್ಲ ಅಂತ."

"ಗೊತ್ತು. ಅವನು ಹೇಳಿದ್ದ."

"ಏನಂತ?"

"'ಅವಳು ನಿದ್ದೆ ಮಾಡಿರಲ್ಲ, ಅಕ್ಕ' ಅಂತ."

ಇದಾದ ಮೇಲೆ ಫಿಡಾ ಒತ್ತಾಯಿಸಲಿಲ್ಲ. ಬುಟ್ಟಿಯನ್ನು ಎಳೆದುಕೊಂಡು, "ಬೇಡ ಅಂದ್ರೆ ಇಟ್ಕೊ. ನಾನು ಬರಿಗೈಲಿ ಏರ್ತೀನಿ. ನಿನ್ನ ಮೇಲೆ ಸಿಟ್ಟಿಲ್ಲ," ಎಂದಳು. ಅದು ನಿಜವಾಗಿತ್ತು; ಸಿಟ್ಟು ಅವಳಲ್ಲಿ ಉಳಿದಿರಲಿಲ್ಲ.

ಸಿಲ್ಬಾ ಮಡಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಇಟ್ಟುಕೊಂಡರೆ ಅವನು ಅವಳ ಉಸಿರಿರುವ ತನಕ ಇದೇ ಮನೆಯಲ್ಲಿರುವನು. ಆಮೇಲೆ ಡಾಲ್ಮಿ ತಾಯಿಯ ಮೂಳೆಗಳನ್ನು ಆರಿಸಿ ಅಜ್ಜಿಯ ಬಳಿಗೆ ಒಯ್ಯುವಳು. ಈ ಮಡಕೆ ಮಾತ್ರ ಹಲಗೆಯ ಮೇಲೆ ಉಳಿಯುವುದು. ಡಾಲ್ಮಿ ಇರುವವರೆಗೆ ಧೂಳು ಒರೆಸುವಳು. ಅವಳ ಮಗಳ ಕಾಲಕ್ಕೆ ಅದು ಯಾರದೆಂದು ಕೇಳಿದರೆ ಹೇಳುವವರು ಇರಲಾರರು. ಮೇಲೆ ಅವನ ತಾಯಿಯ ಪಕ್ಕದ ಜಾಗ ಬರಿದಾಗಿಯೇ ಇರುವುದು, ಹೊರಗಿನಿಂದ ಕಲ್ಲಿಗೆ ಮಣ್ಣು ಮೆತ್ತಿರುವುದು.

"ಡಾಲ್ಮಿ, ಸಾಕ್ಷಿಗೆ ಹೊಂಬಾನ್ನ ಕರಿ," ಎಂದಳು.

ಸೀಮೆಗಲ್ಲು ಇರುವುದು ಮೆಟ್ಟಿಲುಗಳ ಅರ್ಧದಲ್ಲಿ, ಜಲಪಾತದ ನಡುಹಂತಕ್ಕೆ ಎದುರಾಗಿ. ಎರಡು ಊರುಗಳ ಗಡಿ ಅದು. ಅಲ್ಲಿ ಚಪ್ಪಟೆಯಾದ ಒಂದು ಬಂಡೆಯಿದೆ. ಸಮಿತಿಯವರು ಅದಕ್ಕೆ ಬೇಲಿ ಕಟ್ಟಿ, ನೋಟ ನೋಡುವ ಜಾಗವೆಂದು ಹೆಸರಿಟ್ಟಿದ್ದಾರೆ. ನಾಲ್ವರೂ ಏರಿದರು. ಡಾಲ್ಮಿಯ ಕೈಯಲ್ಲಿ ಮಡಕೆಯಿತ್ತು, ಏಕೆಂದರೆ ತಂದೆಯ ಮೂಳೆಯನ್ನು ಒಪ್ಪಿಸಬೇಕಾದವರು ಮಕ್ಕಳು. ಎರಡು ಕಡೆಯೂ ದಾಲ್ಚಿನ್ನಿಯ ಮರಗಳು ಹಬ್ಬಿ, ಹಾದಿ ತಂಪಾಗಿತ್ತು. ಮಳೆಗಾಲ ಈಚೆಗೆ ಮುಗಿದಿದ್ದರಿಂದ ನೀರು ತುಂಬಿತ್ತು. ಬಂಡೆಯ ಮೇಲೆ ಕಾಲಿಟ್ಟವರ ಮುಖ ತುಂತುರಿಗೆ ಒದ್ದೆಯಾಯಿತು.

ಅಲ್ಲಿ ಸಿಲ್ಚಾರಿನಿಂದ ಬಂದ ಏಳೆಂಟು ಮಂದಿ ಫೋಟೋ ತೆಗೆಯುತ್ತಿದ್ದರು. ಹೊಂಬಾ ಅವರನ್ನು ಹಿಂದೆ ಸರಿಸಲು ನೋಡಿದನು.

"ಸ್ವಲ್ಪ ಜಾಗ ಬಿಡಿ, ಹೆಂಗಸರದೊಂದು ಶಾಸ್ತ್ರ ಇದೆ."

"ಪೂಜೆಯಾ, ದಾದಾ? ವಿಡಿಯೋ ಮಾಡಬಹುದಾ?"

"ಬೇಡ. ಇದು ಆ ಥರದ್ದಲ್ಲ."

ಕವಡೆ ಯಾರ ಬಳಿಯೂ ಇರಲಿಲ್ಲ. ಹೊಂಬಾ ತನ್ನ ಚೀಲಕ್ಕೆ ಕೈಹಾಕಿ ಐದು ನಾಣ್ಯ ತೆಗೆದು, "ಸಮಿತಿ ದುಡ್ಡು, ಆದ್ರೂ ತಗೊಳ್ಳಿ," ಎಂದನು. ಯಾರೂ ನಗಲಿಲ್ಲ, ನಗಿಸಲೆಂದು ಅವನು ಹೇಳಿರಲೂ ಇಲ್ಲ. ಫಿಡಾ ತಮ್ಮನ ಪರವಾಗಿ ಆ ಐದನ್ನು ಸಿಲ್ಬಾಳ ಅಂಗೈಗೆ ಹಾಕಿದಳು. ಸಿಲ್ಬಾ ಅವನ್ನು ಮಡಕೆಯ ಮುಚ್ಚಳದ ಮೇಲೆ ಒಂದೊಂದಾಗಿ ಇಟ್ಟು, ಬಾಯಿ ತೆರೆದಳು.

"ನೀನು ನನ್ನವನಲ್ಲ. ನಾನು ನಿನ್ನವಳಲ್ಲ. ನನ್ನ ಒಲೆಯಲ್ಲಿ ನಿನಗೆ ಅನ್ನ ಇಲ್ಲ. ನಿನ್ನ ತಾಯಿ ಹತ್ತಿರ ಹೋಗು."

ನೀರಿನ ಅಬ್ಬರದಲ್ಲಿ ಪಕ್ಕದಲ್ಲಿ ನಿಂತ ಡಾಲ್ಮಿಗೂ ಅದು ಪೂರ್ತಿ ಕೇಳಿಸಲಿಲ್ಲ. ಫಿಡಾ ಹೊಂಬಾನನ್ನು ನೋಡಿದಳು. ಹೊಂಬಾ ಮುಖವನ್ನು ಬೇರೆ ಕಡೆಗೆ ತಿರುಗಿಸಿ, "ಕೇಳಿಸ್ತು, ಕೇಳಿಸ್ತು," ಎಂದನು.

"ಸುಳ್ಳು ಸಾಕ್ಷಿ ಹೇಳಬೇಡ, ಹೊಂಬಾ. ನನ್ನ ತಮ್ಮ ಗೂಡಿನ ಬಾಗಿಲಲ್ಲೇ ನಿಲ್ಲಬೇಕಾಗುತ್ತೆ."

ಹೊಂಬಾ ತಲೆ ತಗ್ಗಿಸಿದನು. "ಕೇಳಿಸಲಿಲ್ಲ, ಕೊಂಗ್ ಸಿಲ್ಬಾ. ಇನ್ನೊಂಚೂರು ಜೋರಾಗಿ ಹೇಳಿ."

ಅವಳು ಇನ್ನೂ ಜೋರಾಗಿ ಹೇಳಿದಳು. 'ಅನ್ನ' ಎಂಬಲ್ಲಿ ದನಿ ಒಡೆದು ಮಾತು ನಿಂತಿತು. ಅದು ಲೆಕ್ಕಕ್ಕಿಲ್ಲವೆಂದು ಫಿಡಾ ತಲೆಯಾಡಿಸಿದಳು. ಹಾಗೆ ತಲೆಯಾಡಿಸುವಾಗ ಅವಳ ಮುಖವನ್ನು ನೋಡಲಾಗುತ್ತಿರಲಿಲ್ಲ.

ಸಿಲ್ಬಾ ಕಣ್ಣು ಮುಚ್ಚಿದಳು. ಆಮೇಲೆ ಅವಳು ಹೇಳಿದ್ದು ಮಾತಿನಂತೆ ಇರಲಿಲ್ಲ, ಬೈಗುಳದಂತೆ ಇತ್ತು. ಮುಷ್ಟಿ ಬಿಗಿದು, ಕತ್ತಿನ ನರ ಉಬ್ಬಿಸಿ, ಮೂವತ್ತೊಂದು ವರ್ಷ ಒಂದು ಕಟುಮಾತೂ ಆಡದವಳು, ಜಗಳಗಂಟಿ ಹೆಂಗಸೊಬ್ಬಳು ಕುಡಿದು ಬಂದ ಗಂಡನನ್ನು ಅಂಗಳದಿಂದ ಅಟ್ಟುವ ಹಾಗೆ ಕೂಗಿದಳು: "ನೀನು ನನ್ನವನಲ್ಲ! ನಾನು ನಿನ್ನವಳಲ್ಲ! ನನ್ನ ಒಲೆಯಲ್ಲಿ ನಿನಗೆ ಅನ್ನ ಇಲ್ಲ! ಹೋಗು! ನಿನ್ನ ತಾಯಿ ಹತ್ತಿರ ಹೋಗು!" ಮೂರು ಸಲವೂ ಹಾಗೆಯೇ ಕೂಗಿದಳು. ಫೋಟೋ ತೆಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಹುಡುಗಿ ಫೋನನ್ನು ಎತ್ತಿದ್ದವಳು ಮೆಲ್ಲಗೆ ಕೆಳಗಿಳಿಸಿದಳು.

"ಕೇಳಿಸ್ತು," ಎಂದನು ಹೊಂಬಾ.

ಫಿಡಾ ಮುಚ್ಚಳದ ಮೇಲಿನ ನಾಣ್ಯಗಳನ್ನು ಬಳಿದು ನೀರಿಗೆ ಎಸೆದಳು. ಡಾಲ್ಮಿ ತಂದೆಯನ್ನು ಅತ್ತೆಯ ಬುಟ್ಟಿಯಲ್ಲಿ ಇಟ್ಟಳು. ಮೂಳೆ ಮನೆಯಿಂದ ಹೊರಡುವಾಗ ವಿಧವೆ ಅಳುವುದು ನಮ್ಮಲ್ಲಿ ಸಂಪ್ರದಾಯ. ಅವಳು ಅಳುವುದನ್ನು ಕೇಳಿಸಿಕೊಂಡು ಅವನು ಹೋಗಬೇಕು. ಆದರೆ ಸಿಲ್ಬಾ ಈಗ ವಿಧವೆಯೂ ಅಲ್ಲ. ಬಿಟ್ಟವಳು ಬಿಟ್ಟವನ ಹಿಂದೆ ಅತ್ತರೆ ಹರಿದ ಕಟ್ಟು ಮತ್ತೆ ಬೀಳುವುದೆಂದು ಅವಳಿಗೆ ಗೊತ್ತಿತ್ತು. ಅವಳು ಕೈಗಳನ್ನು ಶಾಲಿನೊಳಗೆ ಎಳೆದುಕೊಂಡು ನಿಂತಳು.

ಫಿಡಾ ಹಣೆಗೆ ಪಟ್ಟಿ ಕೊಟ್ಟು ಎದ್ದಳು. ಮೊದಲ ಮೆಟ್ಟಿಲು ಹತ್ತುವಾಗ ತೂಕಕ್ಕೆ ಓಲಾಡಿ, ಬೇಡವೆಂದಿದ್ದ ಕಬ್ಬಿಣದ ಕಂಬಿಯನ್ನೇ ಹಿಡಿದುಕೊಂಡಳು. ಡಾಲ್ಮಿ ಹಿಂದೆ ನಡೆದಳು; ಮಗಳು ಹೋಗಬಹುದು, ಅವಳು ಮಗಳಲ್ಲವೆ. ಬಿಳಿಯ ಬಟ್ಟೆ ಮರಗಳ ನಡುವೆ ಎರಡು ಸಲ ಕಾಣಿಸಿತು. ಮೂರನೆಯ ತಿರುವಿನಲ್ಲಿ ಕಾಣಿಸಲಿಲ್ಲ.

ಸಿಲ್ಬಾ ಬಂಡೆಯಿಂದ ಮೆಟ್ಟಿಲಿಗೆ ದಾಟುವ ಇಕ್ಕಟ್ಟಿನಲ್ಲಿ ನಿಂತೇ ಇದ್ದಳು. ಮೇಲಿನವರು ಇಳಿಯಲಾಗದೆ, ಕೆಳಗಿನವರು ಏರಲಾಗದೆ, ಎರಡು ಕಡೆಯೂ ಜನ ಸೇರಿದರು. ಅವಳನ್ನು ಮುಟ್ಟಲು ಹೊಂಬಾನಿಗೆ ಧೈರ್ಯ ಬರಲಿಲ್ಲ. ಬಹಳ ಹೊತ್ತಾದ ಮೇಲೆ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬ ತಂದೆ ಕೆಳಗಿನಿಂದ ಮೆತ್ತಗೆ ಕೇಳಿದನು:

"ದೀದಿ, ಸ್ವಲ್ಪ ದಾರಿ ಬಿಡ್ತೀರಾ?"

"ಹೋಗಿ," ಎಂದು ಸಿಲ್ಬಾ ಪಕ್ಕಕ್ಕೆ ಸರಿದಳು.